ಬಿದ್ದವನನ್ನು ಬಿಡದ ಬಳಗ

'ನಿತ್ಯ ಸಾಯುವವರಿಗೆ ಅಳುವವರು ಯಾರು?' ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಗಾದೆ ವೇದಕ್ಕೆ ಸಮಾನವೆನ್ನುವರು. ಆದರೂ ಈ ಒಂದು ಗಾದೆಯ ವಿಷಯದಲ್ಲಿ ನಮ್ಮದೊಂದು ಸಣ್ಣ ತಕರಾರಿದೆ. ಒಬ್ಬನ ಕಷ್ಟ ಒಂದು ದಿನದ್ದಾದರೆ ಊರೇ ಓಡಿಬರುತ್ತದೆ. ಅದೇ ಕಷ್ಟ ಹತ್ತು ವರ್ಷ, ಇಪ್ಪತ್ತು ವರ್ಷ ಮುಂದುವರಿದರೆ ಜೊತೆಗೆ ನಿಲ್ಲುವವರು ಇದ್ದಾರೆಯೇ? ಇದ್ದಾರೆ ಎಂಬುದಕ್ಕೆ ನಮಗೆ ನಿದರ್ಶನ ದೊರೆತದ್ದು ನಾವೆಂದೂ ಆಡದ, ನಮ್ಮ ಮಕ್ಕಳು ಹೆಸರು ಮಾತ್ರ ಕೇಳಿರುವ ರಗ್ಬಿ ಎಂಬ ಆಟದಲ್ಲಿ.

ರಗ್ಬಿ ಇಂಗ್ಲೆಂಡಿನ ಆಟ. ರಗ್ಬಿ ಎಂಬ ಊರಿನ ಶಾಲೆಯಿಂದ ಅದಕ್ಕೆ ಆ ಹೆಸರು ಬಂತು. ಪಕ್ಷಕ್ಕೆ ಹದಿನೈದು ಮಂದಿ, ಚೆಂಡು ಮೊಟ್ಟೆಯಾಕಾರದ್ದು. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು. ಓಡುವವನನ್ನು ಹಿಡಿದು ಕೆಡವಬಹುದು. ಕಬಡ್ಡಿ ಬಲ್ಲ ನಮ್ಮ ಮಕ್ಕಳಿಗೆ ಇದರ ರುಚಿ ತಿಳಿಯುವುದು ಕಷ್ಟವಲ್ಲ. ಆಟದ ನಡುವೆ 'ಸ್ಕ್ರಮ್' ಎಂಬುದೊಂದು ಬರುತ್ತದೆ. ಎರಡೂ ಪಕ್ಷಗಳಿಂದ ಎಂಟೆಂಟು ಮಂದಿ ಬಗ್ಗಿ, ಹೆಗಲಿಗೆ ಹೆಗಲು ಹೆಣೆದು, ಕಾದಾಡುವ ಟಗರುಗಳಂತೆ ಎದುರುಬದುರಾಗಿ ತಳ್ಳುತ್ತಾರೆ. ಮುಂದಿನ ಸಾಲಿನಲ್ಲಿ ಇರುವವರು ಮೂವರು. ಹಿಂದಿನ ಐವರ ಬಲವೂ ಎದುರಿನ ಎಂಟು ಮಂದಿಯ ಒತ್ತಡವೂ ಸೇರುವುದು ಆ ಮೂವರ ಹೆಗಲು, ಕತ್ತುಗಳ ಮೇಲೆ.

ಮ್ಯಾಟ್ ಹ್ಯಾಂಪ್ಸನ್ ಎಂಬ ತರುಣ ಅಂತಹ ಮುಂದಿನ ಸಾಲಿನ ಆಟಗಾರ. ಲೆಸ್ಟರ್ ಟೈಗರ್ಸ್ ಎಂಬ ಪ್ರಸಿದ್ಧ ಕ್ಲಬ್ಬಿಗೆ ಸೇರಿದವನು. ಇಂಗ್ಲೆಂಡಿನ 21 ವರ್ಷದೊಳಗಿನವರ ತಂಡಕ್ಕೂ ಆಯ್ಕೆಯಾಗಿದ್ದ. 2005ರ ಮಾರ್ಚ್ 15ರಂದು ನಾರ್ತಾಂಪ್ಟನ್ ಎಂಬಲ್ಲಿ ಆ ತಂಡದ ಅಭ್ಯಾಸ ನಡೆದಿತ್ತು. ಅದು ಪಂದ್ಯವೂ ಅಲ್ಲ, ಬರಿಯ ಅಭ್ಯಾಸ. ಸ್ಕ್ರಮ್ ಕುಸಿಯಿತು. ಹ್ಯಾಂಪ್ಸನ್ನನ ಕತ್ತಿನ ಎಲುಬು ಜಾರಿತು. ಆಗ ಅವನ ಪ್ರಾಯ 20.

ಅಂದು ಅಭ್ಯಾಸಕ್ಕೆ ರೆಫ್ರಿಯಾಗಿ ನಿಂತವರು ಟೋನಿ ಸ್ಪ್ರೆಡ್‌ಬರಿ. ಅವರು ಹಿಂದೆ ಆಂಬುಲೆನ್ಸಿನ ವೈದ್ಯಕೀಯ ಸಹಾಯಕರಾಗಿ ದುಡಿದವರು. ಅಪಾಯವನ್ನು ಅರಿತ ಅವರು ಹುಡುಗನ ತಲೆ, ಕತ್ತು ಅಲುಗದಂತೆ ನೋಡಿಕೊಂಡರು. ಉಸಿರಿಗೆ ದಾರಿ ತೆರೆದಿಟ್ಟರು. ಹ್ಯಾಂಪ್ಸನ್ ಬದುಕಿ ಉಳಿದದ್ದು ಅವರ ಆ ಕೆಲವು ನಿಮಿಷಗಳ ತಿಳುವಳಿಕೆಯಿಂದ.

ಇಲ್ಲಿ ಜೀವಶಾಸ್ತ್ರದ ಪಾಠವನ್ನು ತುಸು ನೆನೆಯಬೇಕು. ನಮ್ಮ ಕತ್ತಿನಲ್ಲಿ ಏಳು ಎಲುಬುಗಳು. ಅವುಗಳ ಒಳಗೆ ಮೆದುಳಿನಿಂದ ಇಳಿಯುವ ಮೆದುಬಳ್ಳಿ. ನಾವು ಕೈ ಎತ್ತುವುದು, ಕಾಲು ಮಡಚುವುದು, ಮೂತ್ರವನ್ನು ತಡೆದುಕೊಳ್ಳುವುದು ಎಲ್ಲವೂ ಆ ಬಳ್ಳಿಯ ಮೂಲಕ ಹೋಗುವ ಅಪ್ಪಣೆಯಿಂದ. ಉಸಿರಾಟದ ವಪೆಯನ್ನು ನಡೆಸುವ ನರ ಹೊರಡುವುದೂ ಕತ್ತಿನ ನಡುಭಾಗದಿಂದಲೇ. ಅಲ್ಲಿ ಪೆಟ್ಟು ಬಿದ್ದರೆ ಕೈಕಾಲುಗಳ ಜೊತೆಗೆ ಉಸಿರೂ ಸ್ವಂತದ್ದಾಗಿ ಉಳಿಯದು. ಎಲುಬು ಕೂಡಿಕೊಳ್ಳಬಹುದು, ಹರಿದ ಮೆದುಬಳ್ಳಿಯನ್ನು ಮೊದಲಿನಂತೆ ಮಾಡುವ ಮದ್ದು ಇನ್ನೂ ಕೈಗೂಡಿಲ್ಲ. ಹ್ಯಾಂಪ್ಸನ್ ಕತ್ತಿನಿಂದ ಕೆಳಗೆ ನಿಶ್ಚಲನಾದ; ಅಂದಿನಿಂದ ಅವನ ಉಸಿರು ಯಂತ್ರದ ನೆರವಿನದು.

ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಅವನು ಒಂದು ವರ್ಷಕ್ಕೂ ಹೆಚ್ಚು ಕಾಲ ಇರಬೇಕಾಯಿತು. ಆ ಆಸ್ಪತ್ರೆಯ ಹೆಸರು ಕ್ರೀಡಾಪ್ರಿಯರೆಲ್ಲರಿಗೂ ಗೊತ್ತಿರತಕ್ಕದ್ದು. 1944ರಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಬೆನ್ನುಹುರಿಗೆ ಪೆಟ್ಟಾದ ಯೋಧರಿಗಾಗಿ ಅಲ್ಲಿ ವಿಶೇಷ ವಿಭಾಗವನ್ನು ತೆರೆದರು. ಹಾಸಿಗೆ ಹುಣ್ಣಾಗದಂತೆ ರೋಗಿಯನ್ನು ಹಗಲಿರುಳೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕ್ರಮವನ್ನು ಅವರು ಬಿಡದೆ ನಡೆಸಿದರು. 1948ರಲ್ಲಿ ಗಾಲಿಕುರ್ಚಿಯಲ್ಲಿದ್ದ 16 ಮಂದಿಗೆ ಬಿಲ್ಲುಗಾರಿಕೆಯ ಸ್ಪರ್ಧೆ ಏರ್ಪಡಿಸಿದರು. ಇಂದಿನ ಪ್ಯಾರಾಲಿಂಪಿಕ್ ಕ್ರೀಡಾಕೂಟದ ಬೀಜ ಅದೇ.

ನಮ್ಮ ಕಾಸರಗೋಡಿನ ಕಡೆ ರಗ್ಬಿ ಇಲ್ಲದಿರಬಹುದು. ಬೆನ್ನು ಮುರಿದವರು ಇಲ್ಲದಿಲ್ಲ. ಇಲ್ಲಿ ಅಡಿಕೆ ಮರವಿದೆ, ತೆಂಗಿನ ಮರವಿದೆ. ಮಳೆಗಾಲದಲ್ಲಿ ಮದ್ದು ಬಿಡುವವರು, ಬೇಸಗೆಯಲ್ಲಿ ಕೊನೆ ತೆಗೆಯುವವರು ಕಾಲಿನ ತಳೆಯೊಂದನ್ನೇ ನಂಬಿ ಮರವೇರುತ್ತಾರೆ. ನಮ್ಮ ನೆರೆಯ ತರುಣನೊಬ್ಬ ಹಾಗೆ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ. ಊರಿನ ಕಬಡ್ಡಿ ತಂಡದಲ್ಲಿ ಆಡುತ್ತಿದ್ದವನು ಅವನು. ಮೊದಲ ತಿಂಗಳು ಅವನ ಜಗಲಿಯಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಕಿತ್ತಳೆ, ಹಾರ್ಲಿಕ್ಸು, ಬಿಸ್ಕತ್ತಿನ ಪೊಟ್ಟಣಗಳು ಮೇಜಿನ ತುಂಬ ಇದ್ದವು. ಆರು ತಿಂಗಳಾದ ಮೇಲೆ ಬರುವವರು ವಿರಳರಾದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ತೋಟದ ಕೆಲಸ, ಮದುವೆ, ಮುಂಜಿ ಎಲ್ಲರಿಗೂ ಇದ್ದದ್ದೇ. ಒಂದು ಸಂಜೆ ನಾವು ಹೋದಾಗ ಅವನು ಹೇಳಿದ: "ಹಣ್ಣು ತರಬೇಡಿ ಮಾಷ್ಟ್ರೇ. ನಿನ್ನೆ ಶಾಲೆಯಲ್ಲಿ ಕಬಡ್ಡಿಗೆ ಗೆದ್ದದ್ದು ಯಾರು, ಅದನ್ನು ಹೇಳಿ."

ಶಾಲೆಯಲ್ಲಿ ಆಟದ ಪೀರಿಯಡ್ ನೋಡಿಕೊಳ್ಳುವ ನಮಗೆ ಆ ಮಾತು ಬಹಳ ದಿನ ಕಾಡಿತು. ಅವನಿಗೆ ಬೇಕಾದದ್ದು ಮರುಕವಲ್ಲ. ತನ್ನ ಬಳಗದೊಳಗೆ ತನ್ನ ಜಾಗ. ಹ್ಯಾಂಪ್ಸನ್ನನ ವೃತ್ತಾಂತವನ್ನು ನಾವು ಮನಸ್ಸಿಟ್ಟು ಓದಿದ್ದು ಆಮೇಲೆ.

ರಗ್ಬಿಯವರು ಮಾಡಿದ್ದೇನು? ಸಹ ಆಟಗಾರರು, ಕ್ಲಬ್ಬುಗಳು, ಪ್ರೇಕ್ಷಕರು ಅವನಿಗಾಗಿ ಹಣ ಕೂಡಿಸಿದರು. ಇಷ್ಟನ್ನು ಯಾರಾದರೂ ಮಾಡಿಯಾರು. ಮೆಚ್ಚತಕ್ಕ ಸಂಗತಿಯೆಂದರೆ, ಮೊದಲ ಕಣ್ಣೀರು ಆರಿದ ಮೇಲೂ ಅವರು ಹಿಂದೆ ಸರಿಯಲಿಲ್ಲ. ಹ್ಯಾಂಪ್ಸನ್ನನೂ ಬರಿದೆ ಪಡೆಯುವವನಾಗಿ ಉಳಿಯಲಿಲ್ಲ. 2011ರಲ್ಲಿ ತನ್ನ ಹೆಸರಿನ ಪ್ರತಿಷ್ಠಾನವೊಂದನ್ನು ಆರಂಭಿಸಿದ. ಆಟದಲ್ಲಿ ತನ್ನಂತೆ ತೀವ್ರವಾಗಿ ಗಾಯಗೊಂಡ ತರುಣರಿಗೆ ನೆರವಾಗುವುದು ಅದರ ಗುರಿ. ಲೆಸ್ಟರ್‌ಶೈರಿನ ಬರೋ ಆನ್ ದ ಹಿಲ್ ಎಂಬ ಹಳ್ಳಿಯಲ್ಲಿ ಅಂತಹವರಿಗಾಗಿ ವ್ಯಾಯಾಮ, ಚಿಕಿತ್ಸೆ, ಒಡನಾಟಗಳ ಕೇಂದ್ರವೊಂದು ಎದ್ದು ನಿಂತಿತು. 'ಗೆಟ್ ಬಿಜಿ ಲಿವಿಂಗ್' ಎಂದು ಅದರ ಹೆಸರು. ಬದುಕುವ ಕೆಲಸಕ್ಕೆ ಕೈಹಚ್ಚಿರಿ ಎಂದು ಅದರ ಭಾವ. ಬೆರಳನ್ನೂ ಎತ್ತಲಾರದವನು ಇತರರನ್ನು ಎತ್ತಿ ನಿಲ್ಲಿಸುವ ಕೆಲಸಕ್ಕೆ ಕೈಹಾಕಿದನು!

ಇದು ಒಬ್ಬನ ಕಥೆ ಮಾತ್ರವಲ್ಲ. ದಕ್ಷಿಣ ಆಫ್ರಿಕದಲ್ಲಿ 1980ರಲ್ಲಿ ಕ್ರಿಸ್ ಬರ್ಗರ್ ಎಂಬ ಆಟಗಾರ ಪಂದ್ಯದಲ್ಲಿ ಕತ್ತಿಗೆ ಪೆಟ್ಟಾಗಿ ತೀರಿಕೊಂಡ. ಅವನ ನಾಯಕನಾಗಿದ್ದ ಮೋರ್ನೆ ದು ಪ್ಲೆಸಿಯೂ ತಂಡದ ಗೆಳೆಯರೂ ಸೇರಿ ಒಂದು ನಿಧಿಯನ್ನು ಸ್ಥಾಪಿಸಿದರು. ಮುಂದೆ 1987ರಲ್ಲಿ ಪೆಟ್ರೋ ಜಾಕ್ಸನ್ ಎಂಬವನೂ ಆಟದಲ್ಲಿ ಗಾಯಗೊಂಡು ಮಡಿದಾಗ ಅವನ ಹೆಸರನ್ನೂ ನಿಧಿಗೆ ಸೇರಿಸಲಾಯಿತು. ಇಬ್ಬರ ಹೆಸರೂ ಒಂದೇ ನಿಧಿಯಲ್ಲಿ ನೆಲೆಸಿತು. ಗಾಲಿಕುರ್ಚಿ, ಮನೆಯ ಮಾರ್ಪಾಡು, ವರ್ಷವರ್ಷವೂ ಬೇಕಾಗುವ ಆರೈಕೆ ಇಂತಹವಕ್ಕೆ ಆ ನಿಧಿ ಒದಗುತ್ತದೆ.

ಬಿದ್ದವನನ್ನು ಎತ್ತುವುದು ದೊಡ್ಡದು. ಇನ್ನೊಬ್ಬ ಬೀಳದಂತೆ ನೋಡುವುದು ಅಷ್ಟೇ ದೊಡ್ಡದು. ನ್ಯೂಜಿಲೆಂಡಿನವರು 2001ರಲ್ಲಿ ಎಲ್ಲ ತರಬೇತುದಾರರಿಗೂ ರೆಫ್ರಿಗಳಿಗೂ ಸುರಕ್ಷತೆಯ ಶಿಕ್ಷಣವನ್ನು ಕಡ್ಡಾಯಮಾಡಿದರು. ಹಿಂದಿನ ವರ್ಷಗಳ ಲೆಕ್ಕದಂತೆ 2001ರಿಂದ 2005ರ ವರೆಗೆ ಅಲ್ಲಿ ಸುಮಾರು 19 ಮಂದಿಗೆ ಬೆನ್ನುಹುರಿಯ ತೀವ್ರ ಗಾಯ ಆಗಬೇಕಿತ್ತು. ಆದದ್ದು 8 ಮಂದಿಗೆ. ಸ್ಕ್ರಮ್ಮಿನಲ್ಲಿ ಸುಮಾರು 9 ಎಂದು ನಿರೀಕ್ಷೆಯಿದ್ದಲ್ಲಿ ಆದದ್ದು 1 ಮಾತ್ರ. ಮುಂದೆ ಸ್ಕ್ರಮ್ಮಿನ ನಿಯಮವೂ ಬದಲಾಯಿತು. ದೂರದಿಂದ ಬಂದು ಡಿಕ್ಕಿ ಹೊಡೆಯುವ ಬದಲು 2013ರಿಂದ ಮೊದಲು ಒಬ್ಬರನ್ನೊಬ್ಬರು ಹಿಡಿದುಕೊಂಡು, ಆಮೇಲೆ ಕೂಡಬೇಕೆಂದು ಗೊತ್ತುಮಾಡಿದರು. ಆಟದ ಗಂಡಸುತನ ಇದರಿಂದ ಕಡಮೆಯಾಯಿತೆಂದು ಯಾರೂ ಆಟ ಬಿಡಲಿಲ್ಲ.

ಇನ್ನೊಂದು ಸಂಗತಿಯನ್ನು ಮಕ್ಕಳು ಮರೆಯಬಾರದು. ಗಾಲಿಕುರ್ಚಿ ರಗ್ಬಿ ಎಂಬ ಆಟವೂ ಇದೆ. ಕೈಕಾಲು ನಾಲ್ಕರಲ್ಲೂ ಬಲ ಕುಂದಿದವರಿಗಾಗಿ 1977ರಲ್ಲಿ ಕೆನಡದ ವಿನಿಪೆಗ್‌ನಲ್ಲಿ ಅದು ಹುಟ್ಟಿತು. 2000ದ ಸಿಡ್ನಿ ಪ್ಯಾರಾಲಿಂಪಿಕ್‌ನಿಂದ ಅದಕ್ಕೆ ಪದಕವೂ ಉಂಟು. ಅದರ ನಿಯಮವೊಂದು ನಮಗೆ ಬಹಳ ಹಿಡಿಸಿತು. ದೇಹದಲ್ಲಿ ಉಳಿದಿರುವ ಶಕ್ತಿಯನ್ನು ನೋಡಿ ಪ್ರತಿಯೊಬ್ಬನಿಗೂ 0.5ರಿಂದ 3.5ರ ವರೆಗೆ ಅಂಕ ಕೊಡುತ್ತಾರೆ. ಅಂಗಣದಲ್ಲಿರುವ ನಾಲ್ವರ ಅಂಕ ಒಟ್ಟು ಸಾಮಾನ್ಯವಾಗಿ 8ನ್ನು ಮೀರಕೂಡದು. ಎಂದರೆ ಬಲಿಷ್ಠರನ್ನೇ ಆರಿಸಿ ತಂಡ ಕಟ್ಟುವಂತಿಲ್ಲ; ಬಲ ಕಡಮೆಯಿರುವವನೂ ತಂಡಕ್ಕೆ ಬೇಕಾಗುತ್ತಾನೆ. ದಯೆಯಿಂದ ಸೇರಿಸಿಕೊಳ್ಳುವುದಲ್ಲ, ಲೆಕ್ಕದಲ್ಲೇ ಅವನಿಗೆ ಜಾಗ! ಊರುಗಳನ್ನೂ ಹೀಗೆಯೇ ಕಟ್ಟಬಾರದೇಕೆ?

ನಮ್ಮ ಕೇರಳದಲ್ಲಿ ಈ ದಾರಿಯ ಗುರುತು ಇಲ್ಲದಿಲ್ಲ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾದ ಸಾಂತ್ವನ ಚಿಕಿತ್ಸೆಯ ಕಾರ್ಯ ಊರೂರಿಗೆ ಹಬ್ಬಿತು. 2008ರಲ್ಲಿ ಸರಕಾರವೂ ಅದಕ್ಕೊಂದು ನೀತಿಯನ್ನು ರೂಪಿಸಿತು. ಹಾಸಿಗೆ ಹಿಡಿದವರ ಮನೆಗೇ ನರ್ಸುಗಳೂ ಸ್ವಯಂಸೇವಕರೂ ಹೋಗುವ ಪದ್ಧತಿ ಬಂತು. ನಮ್ಮ ನೆರೆಯ ಆ ತರುಣನ ಮನೆಗೂ ಅವರು ಬರುತ್ತಾರೆ. ಗಾಯ ತೊಳೆಯುವ ಕೆಲಸ ಅವರದು. ಆದರೆ ಕಬಡ್ಡಿಯ ಸುದ್ದಿ ಹೇಳುವ ಕೆಲಸ ನರ್ಸಿನದಲ್ಲ, ನಮ್ಮದು. ಕಳೆದ ಆಟೋಟದ ದಿನ ಅವನನ್ನು ಗಾಲಿಕುರ್ಚಿಯಲ್ಲಿ ಮೈದಾನಕ್ಕೆ ಕರೆತಂದು ಅಂಕ ಬರೆಯಲು ಕೂರಿಸಿದೆವು. ಎರಡು ತಕರಾರುಗಳನ್ನು ಅವನೇ ತೀರಿಸಿದ; ಸೋತವರೂ ಒಪ್ಪಿದರು.

ಕೊನೆಗೆ ಮಕ್ಕಳಿಗೂ ತಂದೆತಾಯಿಗಳಿಗೂ ಎರಡು ಮಾತು. ಮರದಿಂದಲೋ ಮೈದಾನದಲ್ಲೋ ಯಾರಾದರೂ ಬಿದ್ದು ಕತ್ತು, ಬೆನ್ನು ನೋವೆಂದರೆ ಅಥವಾ ಕೈಕಾಲು ಜೋಮು ಹಿಡಿದಿದೆಯೆಂದರೆ, ಕೈಕಾಲು ಹಿಡಿದು ಎತ್ತಿ ರಿಕ್ಷಾದಲ್ಲಿ ಮುದುರಿ ಕೂರಿಸಬಾರದು. ಎಬ್ಬಿಸಿ ನೀರು ಕುಡಿಸಬಾರದು. ತಲೆ, ಕತ್ತು ನೇರವಾಗಿ ಅಲುಗದಂತೆ ಒಬ್ಬರು ಹಿಡಿದಿರಬೇಕು, ಉಸಿರಾಟವನ್ನು ಗಮನಿಸುತ್ತಿರಬೇಕು, ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಮೊದಲ ಅರ್ಧ ಗಂಟೆಯ ತಾಳ್ಮೆ ಒಂದು ಜನ್ಮದ ನಡಿಗೆಯನ್ನು ಉಳಿಸೀತು.

ಎರಡನೆಯದು, ಬಿದ್ದವನ ಮನೆಗೆ ಮೊದಲ ವಾರ ಎಲ್ಲರೂ ಹೋಗುತ್ತಾರೆ. ನೀವು ಎರಡನೆಯ ವರ್ಷವೂ ಹೋಗಿರಿ. ಬರಿಗೈಯಲ್ಲಿ ಹೋದರೂ ಸರಿಯೆ, ಹೇಳಲು ಊರಿನ ಸುದ್ದಿಯಿರಲಿ, ಕೇಳಲು ಕಿವಿಯಿರಲಿ.