ಶ್ವಾನೋದ್ಯಾನದ ನಡುಬೇಲಿ

ಕೃಷ್ಣಾ ನದಿಯ ಉತ್ತರ ದಡದಲ್ಲಿರುವ ನಮ್ಮ ಸೀಮೆಯ ಕನ್ನಡ ಹಳ್ಳಿಗಳಿಗೆ ಹೈದರಾಬಾದು ಅಪರಿಚಿತವಾದ ಊರಲ್ಲ. 1956ಕ್ಕೆ ಮೊದಲು ಹೊಳೆಯಾಚೆಯ ರಾಯಚೂರೂ ಹೊಳೆಯೀಚೆಯ ನಾವೂ ಹೈದರಾಬಾದು ರಾಜ್ಯಕ್ಕೇ ಸೇರಿದ್ದೆವು. ಆ ವರ್ಷದ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯದ ಪಾಲಾಯಿತು, ನಾವು ಆಂಧ್ರಪ್ರದೇಶದಲ್ಲಿ ಉಳಿದೆವು, 2014ರಲ್ಲಿ ತೆಲಂಗಾಣದವರಾದೆವು. ನಮ್ಮ ಹಿರಿಯರು ಕೋರ್ಟು ಕಚೇರಿಗಳ ಕೆಲಸಕ್ಕೆಂದು ಹೋಗುತ್ತಿದ್ದ ಆ ಪಟ್ಟಣಕ್ಕೆ ಇಂದು ನಾವು ಮಕ್ಕಳು ಮೊಮ್ಮಕ್ಕಳನ್ನು ಕಾಣಲು ಹೋಗುತ್ತೇವೆ.

ಕಳೆದ ಬೇಸಿಗೆಯ ರಜೆಯಲ್ಲಿಯೂ ಹಾಗೆಯೇ ಹೊರಟೆವು. 2023ರಲ್ಲಿ ಮಹಬೂಬನಗರದ ಕಡೆಯಿಂದ ಕೃಷ್ಣಾ ನಿಲ್ದಾಣದವರೆಗೆ ಹೊಸ ರೈಲುಹಳಿ ಬಂದಿದೆಯಾದರೂ, ನಾವು ರಾಯಚೂರಿಗೆ ಹೋಗಿ ವಾಡಿಯ ಮೇಲೆ ಹೋಗುವ ಹಳೆಯ ದಾರಿಯ ಗಾಡಿಯನ್ನೇ ಹಿಡಿದೆವು. ಕೃಷ್ಣೆಯ ಸೇತುವೆ ದಾಟಿದೊಡನೆ ತೆಲಂಗಾಣ. ತುಸು ಮುಂದೆ ಯಾದಗಿರಿ, ವಾಡಿ, ಸೇಡಂ ಎಂದು ಮತ್ತೆ ಕರ್ನಾಟಕ. ತಾಂಡೂರು ಬಂದಾಗ ಮತ್ತೆ ತೆಲಂಗಾಣ. ಗಡಿಯೆಂಬುದು ನೆಲದ ಮೇಲೆ ಎಷ್ಟು ಕಾಣಿಸುತ್ತದೆ, ಮನಸ್ಸಿನಲ್ಲಿ ಎಷ್ಟು ಎಂದು ಯೋಚಿಸುತ್ತ ಲಿಂಗಂಪಲ್ಲಿಯಲ್ಲಿ ಇಳಿದೆವು. ಮಗಳ ಮನೆ ಅಲ್ಲಿಂದ ಹೆಚ್ಚು ದೂರವಿಲ್ಲ.

ಬಾಗಿಲಲ್ಲಿ ಮೊಮ್ಮಗಳ ಜೊತೆಗೆ ಅವಳ ನಾಯಿ ಬೆಳ್ಳಿಯೂ ನಮ್ಮನ್ನು ಎದುರುಗೊಳ್ಳುವುದು ವಾಡಿಕೆ. ಬೆಳ್ಳಿ ಎಂದರೆ ನಮ್ಮ ಊರುಗಳಲ್ಲಿ ಎಲ್ಲರೂ ಪಾಮೇರಿಯನ್ ಎಂದು ಕರೆಯುವ ಬಿಳಿಯ ಕೂದಲಿನ ಚಿಕ್ಕ ಜಾತಿಯದು. ತೂಕ ಆರು ಕಿಲೋ ಇದ್ದೀತು. ಈ ಸಲ ಅದು ಸೋಫಾದ ಕೆಳಗಿನಿಂದ ಹೊರಗೆ ಬರಲಿಲ್ಲ. ಕಾರಣ ಕೇಳಿದೆವು. ಮೊಮ್ಮಗಳು ಉತ್ತರ ಹೇಳದೆ, “ತಾತಾ, ದೊಡ್ಡ ನಾಯಿಗಳು ಕೆಟ್ಟವೇನು?” ಎಂದು ನಮ್ಮನ್ನೇ ಕೇಳಿದಳು.

ಸಂಗತಿಯನ್ನು ಅಳಿಯಂದಿರು ತಿಳಿಸಿದರು. ಸಮೀಪದ ಒಂದು ಬಯಲಿನಲ್ಲಿ ಸಂಜೆಯ ಹೊತ್ತು ಸುತ್ತಲಿನವರೆಲ್ಲ ತಮ್ಮ ನಾಯಿಗಳನ್ನು ಬಿಚ್ಚಿ ಆಡಲು ಬಿಡುತ್ತಿದ್ದರು. ಒಂದು ದಿನ ನೆರೆಮನೆಯವರ ಪುಟ್ಟ ನಾಯಿಯ ಜೊತೆ ದೊಡ್ಡ ನಾಯಿಯೊಂದು ಆಡುತ್ತಿತ್ತು. ಜಗಳವಿರಲಿಲ್ಲ, ಗುರುಗುಟ್ಟುವಿಕೆಯೂ ಇರಲಿಲ್ಲ. ದೊಡ್ಡದರ ಕಾಲು ತಗುಲಿ ಚಿಕ್ಕದು ಕೀರಲು ದನಿಯಲ್ಲಿ ಕೂಗಿ ಓಡಿತು. ದೊಡ್ಡದು ಅಟ್ಟಿಕೊಂಡು ಹೋಗಿ ಬಾಯಲ್ಲಿ ಹಿಡಿದು ಒಮ್ಮೆ ಕೊಡವಿತು. ಬಿಡಿಸಿ ನೋಡಿದರೆ ತೊಗಲಿನ ಮೇಲೆ ಎರಡು ಚುಕ್ಕೆಗಳಷ್ಟೇ ಗಾಯ. ಅರಿಶಿನ ಹಚ್ಚಿ ಮಲಗಿಸಿದರಂತೆ. ಪಶುವೈದ್ಯರ ಬಳಿಗೆ ಒಯ್ಯುವ ವೇಳೆಗೆ ಹೊತ್ತು ಮೀರಿತ್ತು; ಮೂರನೆಯ ದಿನ ಅದು ತೀರಿಕೊಂಡಿತು. ದೊಡ್ಡ ನಾಯಿ ಸಣ್ಣದನ್ನು ಹಿಡಿದು ಕೊಡವಿದಾಗ ಹೊರಗೆ ಕಾಣುವ ಗಾಯಕ್ಕಿಂತ ಒಳಗಿನ ಪೆಟ್ಟೇ ಹೆಚ್ಚು. ಮಾಂಸಖಂಡ ಹರಿದಿರಬಹುದು, ಪಕ್ಕೆಲುಬು ಮುರಿದಿರಬಹುದು. ಇಂಥ ನಾಯಿಯನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕೆಂಬುದು ಆ ಮನೆಯವರಿಗೆ ತಿಳಿದಿರಲಿಲ್ಲ. ಇದನ್ನೆಲ್ಲ ಕಣ್ಣಾರೆ ಕಂಡಿದ್ದ ಮೊಮ್ಮಗಳು ಅಂದಿನಿಂದ ಬೆಳ್ಳಿಯನ್ನು ಮನೆಯ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ.

“ಕೊಂಡಾಪುರದಲ್ಲಿ ನಾಯಿಗಳಿಗೆಂದೇ ಒಂದು ಉದ್ಯಾನವಿದೆ ಮಾವಾ, ಅಲ್ಲಿ ಸಣ್ಣವಕ್ಕೂ ದೊಡ್ಡವಕ್ಕೂ ಬೇರೆ ಬೇರೆ ಜಾಗ ಮಾಡಿದ್ದಾರೆ, ಹೋಗಿ ಬರೋಣ” ಎಂದರು ಅಳಿಯಂದಿರು. ಮರುದಿನ ಬೆಳಗಿನ ತಂಪಿನಲ್ಲಿ ಎಲ್ಲರೂ ಹೊರಟೆವು. ಮಗಳು ಬೆಳ್ಳಿಯ ಲಸಿಕೆಯ ಚೀಟಿಯನ್ನು ಚೀಲದಲ್ಲಿಟ್ಟುಕೊಂಡಳು. ಮೊಮ್ಮಗಳು ಬೆಳ್ಳಿಯನ್ನು ದಾರಿಯುದ್ದಕ್ಕೂ ಎದೆಗವಚಿಕೊಂಡಿದ್ದಳು.

ಈ ಉದ್ಯಾನವನ್ನು ಹೈದರಾಬಾದಿನ ಮಹಾನಗರ ಪಾಲಿಕೆಯವರು 2018ರಲ್ಲಿ ತೆರೆದರು. ವಿಸ್ತೀರ್ಣ 1.3 ಎಕರೆ, ತಗುಲಿದ ವೆಚ್ಚ ಸುಮಾರು 1 ಕೋಟಿ 10 ಲಕ್ಷ ರೂಪಾಯಿ. ನಡೆದಾಡುವ ಹಾದಿ, ಹುಲ್ಲುಹಾಸು, ನಾಯಿಗಳ ನೀರಾಟಕ್ಕೊಂದು ಕೊಳ, ಜಿಗಿಯುವುದನ್ನೂ ನುಸುಳುವುದನ್ನೂ ಕಲಿಸುವ ಸಲಕರಣೆಗಳು, ಪಶುವೈದ್ಯರ ಚಿಕಿತ್ಸಾಲಯ ಎಂದು ಅದನ್ನು ಯೋಜಿಸಿದ್ದರು. ಜೊತೆಗೆ ದೊಡ್ಡ ನಾಯಿಗಳಿಗೊಂದು, ಸಣ್ಣ ನಾಯಿಗಳಿಗೊಂದು ಪ್ರತ್ಯೇಕ ಆವರಣ. ನಮ್ಮ ಹಳ್ಳಿಯ ನಾಯಿಗಳಿಗೆ ಊರೇ ಉದ್ಯಾನ. ಅಪಾರ್ಟ್‌ಮೆಂಟಿನ ಏಳನೆಯ ಅಂತಸ್ತಿನಲ್ಲಿ ಬೆಳೆಯುವ ನಾಯಿಗೆ ಕಾಲು ಚಾಚಿ ಓಡಲು ಇಂಥದೊಂದು ತುಂಡು ನೆಲ ಬೇಕಾಗುತ್ತದೆಯೆಂದು ನಮಗೆ ಅಂದು ಹೊಳೆಯಿತು.

ಇಂಥ ಉದ್ಯಾನಗಳ ಪದ್ಧತಿ ಬೆಳೆದದ್ದು ಅಮೆರಿಕದಲ್ಲಿ. ಕ್ಯಾಲಿಫೋರ್ನಿಯಾದ ಬರ್ಕ್ಲಿ ಎಂಬ ಊರಿನಲ್ಲಿ 1979ರಲ್ಲಿ ತೆರೆದ ಓಲೋನಿ ಶ್ವಾನೋದ್ಯಾನವನ್ನು ಆ ದೇಶದ ಮೊದಲನೆಯದೆಂದು ಎಣಿಸುತ್ತಾರೆ. ಮುಂದೆ ಊರೂರುಗಳಲ್ಲಿ ಅವು ಹಬ್ಬಿದಂತೆ ಅನುಭವದಿಂದ ನಿಯಮಗಳೂ ಹುಟ್ಟಿದವು. ಅಲ್ಲಿನ ಅಮೆರಿಕನ್ ಕೆನೆಲ್ ಕ್ಲಬ್ಬಿನವರು ಒಳ್ಳೆಯ ಶ್ವಾನೋದ್ಯಾನಕ್ಕೆ ಹೇಳುವ ಲಕ್ಷಣಗಳು ಇವು: ಸಾಧ್ಯವಾದರೆ ಒಂದು ಎಕರೆ ಅಥವಾ ಮೇಲ್ಪಟ್ಟ ನೆಲ; ನಾಲ್ಕರಿಂದ ಆರು ಅಡಿ ಎತ್ತರದ ತಂತಿಬೇಲಿ; ಒಂದನ್ನು ಮುಚ್ಚಿದ ಮೇಲೆ ಇನ್ನೊಂದನ್ನು ತೆರೆಯುವಂತೆ ಜೋಡಿ ಬಾಗಿಲು; ನೆರಳು, ನೀರು; ಸಣ್ಣ ನಾಯಿಗಳಿಗೂ ದೊಡ್ಡ ನಾಯಿಗಳಿಗೂ ಬೇರೆ ಬೇರೆ ಆವರಣ. ಅಲ್ಲಿ ಎಷ್ಟೋ ಕಡೆ ಹನ್ನೊಂದರಿಂದ ಹದಿನಾಲ್ಕು ಕಿಲೋ ತೂಕದ ಆಸುಪಾಸಿನಲ್ಲಿ ಈ ಗೆರೆಯನ್ನು ಎಳೆಯುತ್ತಾರೆ.

ಗೆರೆ ಏಕೆ ಬೇಕೆಂಬುದಕ್ಕೆ ಲೆಕ್ಕವೇ ಸಾಕ್ಷಿ. ಚಿವಾವಾ ಎಂಬ ನಾಯಿ ಮೂರು ಕಿಲೋ ಮುಟ್ಟುವುದೂ ಕಷ್ಟ; ಗ್ರೇಟ್ ಡೇನ್ ಐವತ್ತು ಕಿಲೋವನ್ನು ಸುಲಭವಾಗಿ ಮೀರುತ್ತದೆ. ಎರಡೂ ನಾಯಿಗಳೇ, ಆದರೂ ನಡುವೆ ಹದಿನೈದು ಪಟ್ಟಿಗೂ ಮಿಕ್ಕ ಅಂತರ. ನಾಲ್ಕು ವರ್ಷದ ಕೂಸನ್ನು ಆನೆಮರಿಯ ಜೊತೆ ಮುಟ್ಟಾಟಕ್ಕೆ ಬಿಟ್ಟಂತೆ! ಎರಡನೆಯ ಕಾರಣ ನಾಯಿಯ ಹುಟ್ಟುಗುಣಕ್ಕೆ ಸೇರಿದ್ದು. ಮುಂಗಾಲು ಚಾಚಿ, ಎದೆ ತಗ್ಗಿಸಿ, ಹಿಂಭಾಗ ಎತ್ತಿ ನಿಲ್ಲುವುದು ನಾಯಿಗಳು ಆಟಕ್ಕೆ ಕರೆಯುವ ಭಾಷೆ. ಆಟ ಚೆನ್ನಾಗಿಯೇ ಸಾಗಿರುತ್ತದೆ. ಆದರೆ ಸಣ್ಣದು ಬೆದರಿ ಕೀಚಲು ದನಿ ತೆಗೆದು ಓಡಿದ ಕ್ಷಣದಲ್ಲಿ ದೊಡ್ಡದರೊಳಗಿನ ಬೇಟೆಯ ಪ್ರವೃತ್ತಿ ಎಚ್ಚರಗೊಳ್ಳಬಹುದು. ಮೊಲ ಓಡಿದ್ದನ್ನು ಕಂಡ ಮುಧೋಳದ ಬೇಟೆನಾಯಿ ಯಜಮಾನನ ಕರೆಗೆ ಕಿವಿಗೊಡುವುದುಂಟೆ? ಅದು ಸಿಟ್ಟಲ್ಲ, ಹಗೆಯೂ ಅಲ್ಲ. ಅದಕ್ಕೇ ಯಾರಿಗೂ ಮುನ್ಸೂಚನೆ ಸಿಗುವುದಿಲ್ಲ.

ಸಣ್ಣ ನಾಯಿಗಳ ಆವರಣಕ್ಕೆ ಬೆಳ್ಳಿಯನ್ನು ಬಿಟ್ಟೆವು. ಮೊದಲು ಮೊಮ್ಮಗಳ ಕಾಲಸಂದಿಯಿಂದ ಕದಲಲಿಲ್ಲ. ಅದರಷ್ಟೇ ಎತ್ತರದ ಕಂದುಬಣ್ಣದ ನಾಯಿಯೊಂದು ಬಂದು ಮೂಸಿ, ಮುಂಗಾಲು ಚಾಚಿ ಆಟಕ್ಕೆ ಕರೆಯಿತು. ಹತ್ತು ನಿಮಿಷ ಕಳೆಯುವುದರೊಳಗೆ ಬೆಳ್ಳಿ ಹುಲ್ಲಿನ ಮೇಲೆ ಬಾಲವೆತ್ತಿ ಓಡುತ್ತಿತ್ತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಆ ಚಪ್ಪಾಳೆಯ ಸದ್ದು ಕೇಳಿ ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾವು ಕಾಣದವರಂತೆ ಬೇರೆಡೆ ನೋಡಿದೆವು.

ಬೇಲಿಯ ಆಚೆ ನಮ್ಮ ವಯಸ್ಸಿನವರೇ ಒಬ್ಬರು ಮುದಿಯಾದ ಲ್ಯಾಬ್ರಡಾರ್ ನಾಯಿಯೊಡನೆ ಕುಳಿತಿದ್ದರು. ಅದು ಕಲ್ಲಿನ ಬಸವನಷ್ಟು ಶಾಂತವಾಗಿತ್ತು. “ಇಂಥ ಸಾಧುವಿಗೂ ಈ ಕಡೆ ಪ್ರವೇಶವಿಲ್ಲವೆ?” ಎಂದು ತೆಲುಗಿನಲ್ಲಿ ವಿಚಾರಿಸಿದೆವು. ಅವರು ನಕ್ಕು ಹೇಳಿದ ಮಾತು ಇದು: “ನಮ್ಮವನು ಈವರೆಗೆ ಯಾರನ್ನೂ ಕಚ್ಚಿಲ್ಲ ಸಾರ್. ಆದರೆ ಇವನು ಕಚ್ಚಬೇಕಾಗಿಯೇ ಇಲ್ಲ. ಪ್ರೀತಿಯಿಂದ ಮೇಲೆ ಬಿದ್ದರೂ ಸಾಕಲ್ಲ! ತಾನೆಷ್ಟು ಭಾರವೆಂದು ಇವನಿಗೇನು ಗೊತ್ತು? ಗೊತ್ತಿರಬೇಕಾದವನು ನಾನು.”

ಈ ಮಾತು ನಮ್ಮನ್ನು ಬೇರೊಂದು ಕಡೆಗೆ ಎಳೆದೊಯ್ದಿತು. ಓದುಗರ ಮುಂದೆ ಮುಚ್ಚಿಡುವುದೇಕೆ? ಮೂವತ್ತು ವರ್ಷ ಪಾಠ ಹೇಳಿದ ನಮಗೆ ‘ಬೇರೆ ಮಾಡುವುದು’ ಎಂಬ ಮಾತೇ ಆಗದು. ಬೇರೆ ಬಾವಿ, ಬೇರೆ ಲೋಟ, ಬೇರೆ ಪಂಕ್ತಿಗಳ ಕಥೆಯನ್ನು ಹಿರಿಯರಿಂದ ಕೇಳಿ ಬೆಳೆದವರು ನಾವು. ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕೂಡಬೇಕೆಂದು ಹಟ ಹಿಡಿದವರು. ಆದ್ದರಿಂದಲೇ ಎರಡು ವರ್ಷಗಳ ಹಿಂದೆ ನಮ್ಮ ಶಾಲೆಯ ಕಿರಿಯ ಶಿಕ್ಷಕಿಯೊಬ್ಬರು, “ಗುರುಗಳೇ, ಬಿಡುವಿನ ವೇಳೆಯಲ್ಲಿ ಒಂದನೆಯ ಎರಡನೆಯ ಇಯತ್ತೆಯ ಮಕ್ಕಳಿಗೆ ಆಟದ ಬಯಲಿನ ಒಂದು ಮೂಲೆಯನ್ನು ಬಿಡಿಸಿಕೊಡೋಣ” ಎಂದಾಗ, “ಶಾಲೆಯಲ್ಲಿ ಗಡಿ ಬೇಡ ತಾಯಿ” ಎಂದುಬಿಟ್ಟೆವು. ಆ ಮಾತು ಕೇಳಲು ಚೆನ್ನಾಗಿತ್ತು. ಒಂದು ತಿಂಗಳೊಳಗೆ ಕಬಡ್ಡಿ ಆಡುತ್ತಿದ್ದ ಏಳನೆಯ ಇಯತ್ತೆಯ ಹುಡುಗನೊಬ್ಬ ಹಿಂದೆ ಸರಿಯುತ್ತ ಒಂದನೆಯ ಇಯತ್ತೆಯ ಹೆಣ್ಣುಮಗುವಿನ ಮೇಲೆ ಬಿದ್ದ. ಮಗುವಿನ ಮುಂಗೈ ಮುರಿಯಿತು. ಹುಡುಗ ಒಳ್ಳೆಯವನು, ನಾಲ್ಕು ದಿನ ಊಟ ಬಿಟ್ಟು ಅತ್ತ. ನಾವು ಅವನಿಗೆ ಬೈದೆವು. ತಪ್ಪು ಅವನದಾಗಿರಲಿಲ್ಲ, ಗೊತ್ತಿರಬೇಕಾದವರು ನಾವಾಗಿದ್ದೆವು.

ಮೇಲುಕೀಳಿನ ಗೋಡೆ ಬೇರೆ, ಈ ನಡುಬೇಲಿ ಬೇರೆ ಎಂಬುದು ಅಂದು ನಮಗೆ ಸ್ಪಷ್ಟವಾಯಿತು. ಆ ಗೋಡೆ ಹುಟ್ಟನ್ನು ಕೇಳುತ್ತದೆ, ಬಲವುಳ್ಳವನ ಅನುಕೂಲಕ್ಕೆ ನಿಲ್ಲುತ್ತದೆ. ಈ ಬೇಲಿ ತೂಕವನ್ನಷ್ಟೇ ಕೇಳುತ್ತದೆ. ಬಲವಿಲ್ಲದ್ದು ಬೆದರದೆ ಓಡಲೆಂದು ನಿಲ್ಲುತ್ತದೆ. ದೊಡ್ಡದನ್ನೂ ಅದು ಕಾಯುತ್ತದೆ, ತಾನರಿಯದ ಪಾಪದಿಂದ. ಹಾಗೆಂದು ಬೇಲಿಯೊಂದರಿಂದಲೇ ಎಲ್ಲವೂ ಆಯಿತೆನ್ನಲಾಗದು. ಸಣ್ಣ ನಾಯಿಗಳಲ್ಲೂ ಜಗಳಗಂಟಿಗಳಿವೆ. ಬೇಲಿಯ ಸಂದಿಗೆ ಮೂತಿಯಿಟ್ಟು ಆ ಮುದಿ ಲ್ಯಾಬ್ರಡಾರನ್ನು ಬೊಗಳಿ ಕಾಡುತ್ತಿದ್ದ ಗೇಣುದ್ದದ ವೀರನೊಬ್ಬನನ್ನು ನಾವು ಅಲ್ಲಿಯೇ ಕಂಡೆವು. ಮೊಬೈಲಿನಲ್ಲಿ ಮುಳುಗಿದ ಯಜಮಾನನಿದ್ದರೆ ಯಾವ ಬೇಲಿಯೂ ಕಾಯಲಾರದು.

ಮರಳುವಾಗ ಮೊಮ್ಮಗಳ ಪ್ರಶ್ನೆಗೆ ಉತ್ತರ ಹೇಳಿದೆವು: “ದೊಡ್ಡ ನಾಯಿ ಕೆಟ್ಟದ್ದಲ್ಲ ಕೂಸೇ. ಅದಕ್ಕೆ ತನ್ನ ಭಾರ ತಿಳಿಯದು. ತಿಳಿದವರು ಜೊತೆಗಿರಬೇಕು, ಅಷ್ಟೇ.” ಅವಳು ಸ್ವಲ್ಪ ಯೋಚಿಸಿ, “ಹಾಗಾದರೆ ನಾಳೆ ಆ ಅಜ್ಜನ ನಾಯಿಗೆ ಬೇಲಿಯ ಮೇಲಿಂದ ಬಿಸ್ಕತ್ತು ಕೊಡಬಹುದಾ?” ಎಂದಳು. ಅವರನ್ನು ಕೇಳಿ ಕೊಡು ಎಂದೆವು.

ಜೂನ್ ತಿಂಗಳಲ್ಲಿ ಶಾಲೆ ತೆರೆದ ದಿನ ಆಟದ ಬಯಲಿನ ಬೇವಿನ ಮರದ ಕಡೆ ಸುಣ್ಣದ ಪುಡಿಯಿಂದ ಒಂದು ಗೆರೆ ಎಳೆಸಿದೆವು. ಒಳಗೆ ಚಿಕ್ಕವರು. ಗೆರೆ ಎಳೆಯಲು ಸುಣ್ಣದ ಡಬ್ಬಿ ಹಿಡಿದವನು, ಈಗ ಒಂಬತ್ತನೆಯ ಇಯತ್ತೆಗೆ ಬೇರೆ ಊರಿಗೆ ಹೋಗುತ್ತಿರುವ ಅದೇ ಹುಡುಗ. ನಾವೇ ಅವನನ್ನು ಕರೆಸಿದ್ದೆವು. ಅಂದು ಬೈದದ್ದಕ್ಕೆ ನಮ್ಮ ಮನಸ್ಸಿನಲ್ಲಿದ್ದ ಮಾತನ್ನು ಅವನಿಗೆ ಹೇಳಿ, ಆ ಶಿಕ್ಷಕಿಯವರ ಮುಂದೆಯೂ ನಮ್ಮ ತಪ್ಪನ್ನು ಒಪ್ಪಿಕೊಂಡೆವು.