ಭಾವ ಕೇಳುತ್ತ ಮೂರು ಊರು

ಗುಜರಾತಿಗೆ ಹೊಸದಾಗಿ ಬಂದಾಗ ನನ್ನನ್ನು ಮೊದಲು ಕಂಗೆಡಿಸಿದ ಶಬ್ದ 'ಭಾವ'. ನಮ್ಮ ಕಡೆ ಭಾವನೆಂದರೆ ಅಕ್ಕನ ಗಂಡ. ಪುಸ್ತಕದಲ್ಲಾದರೆ ಮನಸ್ಸಿನೊಳಗಿನ ಸಂಗತಿ. ಇಲ್ಲಿ ತರಕಾರಿ ಗಾಡಿಯ ಮುಂದೆ ನಿಂತ ಹೆಂಗಸರೆಲ್ಲ 'ಭಾವ್ ಶು ಛೇ?' ಎಂದು ಕೇಳುತ್ತಿದ್ದರು. ಇಷ್ಟೊಂದು ಜನಕ್ಕೆ ಬದನೆಕಾಯಿಯ ಭಾವನೆಯ ಮೇಲೆ ಯಾಕೆ ಕಾಳಜಿ ಎಂದು ನಾನು ಬೆರಗಾಗಿದ್ದೆ. ಭಾವವೆಂದರೆ ಬೆಲೆ ಎಂದು ತಿಳಿಯಲು ಒಂದು ವಾರ ಹಿಡಿಯಿತು. ಬೆಲೆಗೂ ಮನಸ್ಸಿಗೂ ಈ ಜನ ಒಂದೇ ಶಬ್ದ ಇಟ್ಟುಕೊಂಡಿದ್ದು ಸುಮ್ಮನೆ ಅಲ್ಲ ಎಂದು ತಿಳಿಯಲು ಮೂವತ್ತು ವರ್ಷವೇ ಹಿಡಿಯಿತೆನ್ನಿ.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಗುಜರಾತಿ ಆಡುತ್ತ ಇಲ್ಲೇ ಹುಟ್ಟಿ ಬೆಳೆದ ನಮ್ಮ ಹುಡುಗ ಹುಡುಗಿಯರಿಗೆ ಇದೆಲ್ಲ ಹೊಸದಲ್ಲ. ಆದರೂ ಹೇಳುತ್ತೇನೆ, ಕೇಳಿರಿ. ಇದು ನನ್ನ ಮಗಳ ಕಂಪ್ಯೂಟರಿನ ಕಥೆ, ಜೊತೆಗೆ ಅವಳಮ್ಮನ ಕಂಪ್ಯೂಟರಿನ ಕಥೆ. ಎರಡರಲ್ಲೂ ಕಾಯುತ್ತ ಕುಳಿತವನು ನಾನೇ.

ಮಗಳು ವಡೋದರೆಯಲ್ಲಿ ಓದುತ್ತಾಳೆ. ಸೂರತ್ತಿನ ಒಬ್ಬ ಆಭರಣ ವ್ಯಾಪಾರಿ ಅವಳ ಕೆಲಸ ನೋಡಿ, ದೀಪಾವಳಿಯ ಕೆಟಲಾಗಿಗೆಂದು ಉಂಗುರ, ಓಲೆಗಳ ಕಂಪ್ಯೂಟರ್ ಚಿತ್ರ ಮಾಡಿಕೊಡು ಎಂದು ಕೇಳಿದ್ದರು. ವಜ್ರದೊಳಗೆ ಬೆಳಕು ಹೊಕ್ಕು ಹೊರಳಿ ಬರುವುದನ್ನು ಲೆಕ್ಕ ಹಾಕಿ ಚಿತ್ರಿಸಬೇಕು. ಅವಳ ಹಳೆಯ ಲ್ಯಾಪ್‌ಟಾಪ್ ಒಂದು ಉಂಗುರಕ್ಕೆ ಒಂದು ಇಡೀ ರಾತ್ರಿ ತಿನ್ನುತ್ತಿತ್ತು, ಬೆಳಿಗ್ಗೆ ನೋಡಿದರೆ ಅರ್ಧದಲ್ಲೇ ನಿಂತಿರುತ್ತಿತ್ತು. ಎಂಟು ಕೋರುಗಳ ರೈಜನ್ ಪ್ರೊಸೆಸರ್ ಹಾಕಿ ಹೊಸ ಯಂತ್ರ ಜೋಡಿಸಬೇಕೆಂದು ಅವಳು ನಿಶ್ಚಯಿಸಿದಳು. ಪ್ರೊಸೆಸರಿಗೇ ಇಪ್ಪತ್ತೈದು ಸಾವಿರದ ಮೇಲೆ. ಅರ್ಧ ಹಣ ಅವಳದು, ಅರ್ಧ ನನ್ನದು.

ಅಷ್ಟರಲ್ಲಿ 2025ರ ಆಗಸ್ಟ್ 15 ಬಂತು. ದೀಪಾವಳಿಯ ಹೊತ್ತಿಗೆ ಜಿಎಸ್‌ಟಿ ಇಳಿಯುತ್ತದೆಂದು ಪ್ರಧಾನಿಯವರು ಕೆಂಪುಕೋಟೆಯ ಮೇಲಿಂದ ಹೇಳಿದರು. ನನಗೆ ಅಷ್ಟೇ ಸಾಕಾಯಿತು. 'ಈಗ ಕೊಂಡರೆ ಮೂರ್ಖತನ, ತಡಿ' ಎಂದೆ. ಸೆಪ್ಟೆಂಬರ್ 3ರಂದು ಮಂಡಳಿ ತೀರ್ಮಾನಿಸಿತು: 22ರಿಂದ ದೊಡ್ಡ ಟೀವಿ, ಏರ್ ಕಂಡೀಷನರುಗಳ ತೆರಿಗೆ 28ರಿಂದ 18ಕ್ಕೆ. ಪ್ರೊಸೆಸರಿನದು ಮೊದಲೇ ನೂರಕ್ಕೆ 18 ಇತ್ತು, ಹಾಗೇ ಉಳಿಯಿತು. ಇಳಿಯಲು ಅಲ್ಲಿ ಏನೂ ಇರಲಿಲ್ಲ. ಮೂರು ವಾರ ಕಾದದ್ದಕ್ಕೆ ಸಿಕ್ಕಿದ್ದು ಮಗಳ ಒಂದು ನೋಟ ಮಾತ್ರ. 'ಇನ್ನು ನವರಾತ್ರಿಯ ಸೇಲ್ ಇದೆಯಲ್ಲ' ಎಂದೆ. 'ಅಪ್ಪಾ, ಒಮ್ಮೆ ಮೂರೂ ಊರು ಸುತ್ತಿ ಕೇಳಿಬಿಡೋಣ' ಎಂದಳು. ಹೀಗೆ ಸೆಪ್ಟೆಂಬರಿನ ಎರಡನೆಯ ವಾರ ನಾವು ಹೊರಟೆವು.

ಮೊದಲು ನಮ್ಮೂರು ಅಹಮದಾಬಾದೇ. ಶುಕ್ರವಾರ ಸಂಜೆ ರಿಲೀಫ್ ರೋಡಿಗೆ ಹೋದೆವು. ಈ ರಸ್ತೆಯ ಒಂದು ತುದಿಯಲ್ಲಿ ಸೀದಿ ಸೈಯದ್ ಮಸೀದಿ ಇದೆ. 1573ರ ಸುಮಾರಿನದು. ಕಲ್ಲಿನಲ್ಲಿ ಮರದ ಕೊಂಬೆಗಳನ್ನು ಕೊರೆದ ಅದರ ಜಾಲಿಯನ್ನು ನೋಡದೆ ಯಾವ ನೆಂಟರೂ ಊರಿಗೆ ಹಿಂತಿರುಗುವುದಿಲ್ಲ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಬೋರ್ಡು, ಕೇಬಲ್ಲು, ಮೊಬೈಲುಗಳ ಸಂತೆ. ಬೆಂಗಳೂರಿನ ಎಸ್.ಪಿ. ರೋಡ್ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲನೆಯ ಅಂಗಡಿಯವನು ಬೆಲೆ ಹೇಳುವ ಮುಂಚೆ ಮೂರು ಪ್ರಶ್ನೆ ಕೇಳಿದ: ಬಿಲ್ ಬೇಕೋ ಬೇಡವೋ, ಬಾಕ್ಸೋ ಟ್ರೇಯೋ, ಬೋರ್ಡೂ ಜೊತೆಗೋ ಬರಿ ಪ್ರೊಸೆಸರೋ. ಕಂಪನಿಯ ಡಬ್ಬಿಯಲ್ಲಿ ಬರುವುದಕ್ಕೆ ಮೂರು ವರ್ಷದ ಗ್ಯಾರಂಟಿ. ಟ್ರೇ ಎಂದರೆ ಯಂತ್ರ ತಯಾರಿಸುವವರಿಗೆ ಸಗಟಾಗಿ ಬಂದು ಚಿಲ್ಲರೆಯಲ್ಲಿ ಬಿಕರಿಯಾಗುವುದು. ಅದಕ್ಕೆ ಅಂಗಡಿಯವನ ಬಾಯಿಮಾತೇ ಗ್ಯಾರಂಟಿ. ಒಂದೇ ಪ್ರೊಸೆಸರಿಗೆ ಹೀಗೆ ಐದಾರು ಭಾವ. ಹತ್ತು ಹೆಜ್ಜೆಯಾಚೆಯ ಅಂಗಡಿಯಲ್ಲಿ ಒಂದೂವರೆ ಸಾವಿರದ ವ್ಯತ್ಯಾಸ. ಯಾಕೆಂದು ಕೇಳಿದರೆ ಆ ಮುದುಕ ಮುಚ್ಚುಮರೆಯಿಲ್ಲದೆ ಹೇಳಿದ: 'ಅವನದು ಹಳೆಯ ಡಾಲರಿನ ಮಾಲು, ನನ್ನದು ಹೊಸ ಡಾಲರಿನದು.'

ಇದನ್ನು ಸ್ವಲ್ಪ ಬಿಡಿಸುವುದು ಒಳ್ಳೆಯದು. ಪ್ರೊಸೆಸರ್ ಇಲ್ಲಿ ತಯಾರಾಗುವ ವಸ್ತುವಲ್ಲ. ಅದರ ಮೂಲ ಬೆಲೆ ಡಾಲರಿನಲ್ಲಿ. ಹೊಸ ಮಾದರಿ ಬಂದಾಗ ಹಳೆಯದರ ಬೆಲೆಯನ್ನು ಕಂಪನಿ ಇಳಿಸುತ್ತದೆ, ಇದು ಒಂದು ದಿಕ್ಕು. ರೂಪಾಯಿ ಸೋತರೆ ಅದೇ ವಸ್ತು ಇಲ್ಲಿ ಏರುತ್ತದೆ, ಇದು ಎದುರು ದಿಕ್ಕು. ನಡುವೆ ಆಮದುದಾರ, ವಿತರಕ, ಅಂಗಡಿಯವನು. ಯಾರ ಗೋದಾಮಿನಲ್ಲಿ ಯಾವ ತಿಂಗಳು ತಂದ ಮಾಲಿದೆ, ಯಾರಿಗೆ ಸಾಲದ ಕಂತು ಹತ್ತಿರ ಬಂದಿದೆ ಎಂಬುದರ ಮೇಲೆ ಗಲ್ಲಾದ ಬೆಲೆ ನಿಲ್ಲುತ್ತದೆ. ಇನ್ನೊಂದು ವಿಚಿತ್ರವೂ ಉಂಟು. ಹಳೆಯ ಮಾದರಿ ಇಳಿಯುತ್ತ ಇಳಿಯುತ್ತ, ತಯಾರಿಕೆ ನಿಂತು ಮಾಲು ತೀರತೊಡಗಿದಾಗ ಮತ್ತೆ ಏರುತ್ತದೆ. ಪೂರ್ತಿ ಇಳಿಯಲಿ ಎಂದು ಕಾದವನಿಗೆ ಆಗ ಮಾಲೂ ಇಲ್ಲ, ಭಾವವೂ ಇಲ್ಲ.

ರಾತ್ರಿ ಮಾಣೆಕ್ ಚೌಕಿನಲ್ಲಿ ತಿಂಡಿ. ಹಗಲು ಚಿನ್ನ ಬೆಳ್ಳಿಯ ಪೇಟೆಯಾದ ಈ ಚೌಕ ಕತ್ತಲಾದರೆ ತಿಂಡಿ ಗಾಡಿಗಳದಾಗುತ್ತದೆ. 1894ರಲ್ಲಿ ಹುಟ್ಟಿದ, ಮುಂಬಯಿಯ ನಂತರ ದೇಶದಲ್ಲೇ ಹಳೆಯದಾದ ಶೇರು ಪೇಟೆಯ ಕಟ್ಟಡವೂ ಇಲ್ಲೇ ಇದೆ. ಇಳಿಯಲಿ ಎಂದು ಕಾದವರು, ಏರಲಿ ಎಂದು ಕಾದವರು ನೂರು ವರ್ಷದಿಂದ ಇಲ್ಲಿ ಓಡಾಡಿದ್ದಾರೆ. ನನ್ನಂಥವನಿಗೆ ಒಳ್ಳೆಯ ಸಂಗ.

ಶನಿವಾರ ಬೆಳಿಗ್ಗೆ ರೈಲು. ನಡಿಯಾದ್, ಆಣಂದ್ ದಾಟಿ ನೂರು ಕಿಲೋಮೀಟರಿನ ವಡೋದರೆ. ಕಿಟಕಿಯಾಚೆ ತಂಬಾಕಿನ ಹೊಲ, ಬಾಳೆ ತೋಟ. ಆ ದಾರಿ ಹಿಡಿದಾಗಲೆಲ್ಲ ನನಗೆ 1995 ನೆನಪಾಗುತ್ತದೆ. ಆಗ ನಾವು ವಡೋದರೆಯಲ್ಲೇ ಇದ್ದೆವು, ಹೊಸದಾಗಿ ಮದುವೆಯಾಗಿತ್ತು. ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಹುಡುಗರು ಥೀಸಿಸ್ ಟೈಪ್ ಮಾಡಿಸಲು ಅಲೆಯುತ್ತಿದ್ದ ಕಾಲ. ನನ್ನಾಕೆಗೆ ಟೈಪಿಂಗ್ ಚೆನ್ನಾಗಿ ಬರುತ್ತಿತ್ತು. ಮನೆಯಲ್ಲೊಂದು ಕಂಪ್ಯೂಟರ್, ಒಂದು ಪ್ರಿಂಟರ್ ಇದ್ದರೆ ಪುಟಕ್ಕೆ ಇಷ್ಟು, ತಿಂಗಳಿಗೆ ಇಷ್ಟು ಎಂದು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದು ತೋರಿಸಿದಳು. 486 ಯಂತ್ರಕ್ಕೆ ಐವತ್ತು ಸಾವಿರದ ಮೇಲೆ, ಅಂದರೆ ನನ್ನ ಹತ್ತು ತಿಂಗಳ ಸಂಬಳ.

ನಾನು ಪತ್ರಿಕೆ ಓದುವವನು. ಪೆಂಟಿಯಂ 1993ರಲ್ಲೇ ಬಂದಿದೆ, 486 ಇಳಿದೇ ಇಳಿಯುತ್ತದೆ ಎಂದೆ. ಹಾಗಾದರೆ ಪೆಂಟಿಯಮ್ಮೇ ಕೊಳ್ಳೋಣವೆಂದರೆ ಅದಕ್ಕೂ ನನ್ನಲ್ಲಿ ಉತ್ತರವಿತ್ತು. ಅದು ಭಾಗಾಕಾರದಲ್ಲಿ ತಪ್ಪು ಮಾಡುತ್ತದೆಂದು ಥಾಮಸ್ ನೈಸ್ಲಿ ಎಂಬ ಅಮೆರಿಕದ ಗಣಿತದ ಪ್ರಾಧ್ಯಾಪಕರು 1994ರಲ್ಲಿ ಕಂಡುಹಿಡಿದಿದ್ದರು. ಇಂಟೆಲ್ ಅದನ್ನು ಬದಲಿಸಿಕೊಡಲು ಒಪ್ಪಿ 47.5 ಕೋಟಿ ಡಾಲರಿನ ಹೊರೆ ಹೊತ್ತಿತು. 'ಆ ಗದ್ದಲ ತಣ್ಣಗಾಗಲಿ' ಎಂದೆ. ಗದ್ದಲ ತಣ್ಣಗಾಯಿತು. ಅಷ್ಟರಲ್ಲಿ, 31 ರೂಪಾಯಿಯ ಆಸುಪಾಸಿನಲ್ಲಿ ಎರಡು ವರ್ಷ ಅಲ್ಲಾಡದೆ ನಿಂತಿದ್ದ ಡಾಲರು 1995ರ ಶರತ್ಕಾಲದಲ್ಲಿ 35ರತ್ತ ನಡೆಯಿತು. ಕೊನೆಗೆ ಕೊಂಡದ್ದು 1996ರಲ್ಲಿ. ಒಟ್ಟು ನಾಲ್ಕು ಸಾವಿರ ಉಳಿಸಿದೆನೆಂದು ಬೀಗಿದ್ದೆ. ಆ ಹೊತ್ತಿಗೆ ಸಯಾಜಿಗಂಜಿನ ಇನ್ನೊಂದು ಮನೆಗೆ ಕಂಪ್ಯೂಟರ್ ಬಂದು ಎರಡು ಥೀಸಿಸ್ ಸೀಸನ್ ಕಳೆದಿತ್ತು, ಹುಡುಗರೆಲ್ಲ ಆ ಮನೆಯ ಮೆಟ್ಟಿಲೇ ಹತ್ತುತ್ತಿದ್ದರು. ನಮ್ಮ ಯಂತ್ರದಲ್ಲಿ ಅವಳು ಟೈಪ್ ಮಾಡಿದ್ದು ಮೂರೋ ನಾಲ್ಕೋ ಥೀಸಿಸ್. ಹಾಲಿನ ಪುಸ್ತಕದ ಆ ಲೆಕ್ಕವನ್ನು ಅವಳು ಒಮ್ಮೆಯೂ ಎತ್ತಿ ಆಡಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ವಡೋದರೆಯ ಅಂಗಡಿಯವರು ಅಹಮದಾಬಾದಿನವರಷ್ಟು ಚೌಕಾಸಿಗೆ ಸಿಗುವುದಿಲ್ಲ. ಮಗಳ ಹಾಸ್ಟೆಲಿನ ಹತ್ತಿರದ ಅಂಗಡಿಯವನು ಒಂದೇ ಬೆಲೆ ಹೇಳಿದ. ಅದು ರಿಲೀಫ್ ರೋಡಿನ ಎರಡು ಬೆಲೆಗಳ ನಡುವೆ ಕೂರುತ್ತಿತ್ತು. 'ಕೆಟ್ಟರೆ ತಂದುಕೊಡು, ನಾನು ನೋಡಿಕೊಳ್ಳುತ್ತೇನೆ' ಎಂದ. ಮಗಳು ನನ್ನ ಮುಖ ನೋಡಿದಳು. ನಾನು ಗಡಿಯಾರ ನೋಡಿದೆ, ಸೂರತ್ತಿನ ರೈಲಿಗೆ ಹೊತ್ತಾಗಿತ್ತು. ಹೊರಡುವ ಮುಂಚೆ ಅವಳು 1950ರಲ್ಲಿ ಶುರುವಾದ ತನ್ನ ಲಲಿತಕಲಾ ವಿಭಾಗವನ್ನು ತೋರಿಸಿದಳು. ನಮ್ಮ ಬೆಂಗಳೂರಿನ ಪುಷ್ಪಮಾಲಾ ಎನ್. ಶಿಲ್ಪಕಲೆ ಕಲಿತದ್ದು ಇಲ್ಲೇ ಎಂದು ಹೆಮ್ಮೆಯಿಂದ ಹೇಳಿದಳು. ನನಗೆ ಗೊತ್ತಿರಲಿಲ್ಲ.

ಭರೂಚಿನಲ್ಲಿ ಉಪ್ಪು ಕಡಲೆಕಾಯಿ ಕೊಂಡೆವು. ನರ್ಮದೆ ತುಂಬಿ ಕೆಂಪಗೆ ಹರಿಯುತ್ತಿತ್ತು.

ಸೂರತ್ತಿನ ಮಹಿಧರಪುರದ ಹೀರಾ ಬಜಾರನ್ನು ನೀವು ನೋಡಲೇಬೇಕು. ಓಣಿಯಲ್ಲಿ ನಿಲ್ಲಿಸಿದ ಸ್ಕೂಟರಿನ ಸೀಟೇ ಅಂಗಡಿ. ಮಡಿಸಿದ ಕಾಗದದ ಪೊಟ್ಟಣ ಬಿಚ್ಚಿ, ಚಿಮಟದಲ್ಲಿ ಹರಳನ್ನು ಹಿಡಿದು, ಕಣ್ಣಿಗೆ ಭೂತಗನ್ನಡಿ ಒತ್ತಿ ಲಕ್ಷಾಂತರ ರೂಪಾಯಿಯ ಮಾತುಕತೆ ಬೀದಿಯಲ್ಲೇ ನಡೆಯುತ್ತದೆ. 2023ರ ಡಿಸೆಂಬರಿನಲ್ಲಿ ಖಜೋದಿನಲ್ಲಿ ಭಾರಿ ಡೈಮಂಡ್ ಬೋರ್ಸ್ ಉದ್ಘಾಟನೆಯಾದರೂ ಈ ಓಣಿ ತನ್ನ ಪಾಡಿಗೆ ತಾನಿತ್ತು. ಆದರೆ ನಾವು ಹೋದಾಗ ಮುಖಗಳು ಬಾಡಿದ್ದವು. ಆಗಸ್ಟ್ 27ರಿಂದ ಅಮೆರಿಕ ನಮ್ಮ ಮಾಲಿನ ಮೇಲೆ ನೂರಕ್ಕೆ 50 ಸುಂಕ ಹೇರಿತ್ತು. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರಗಳ ಬೆಲೆಯಂತೂ ಕೆಲವು ವರ್ಷಗಳಿಂದ ಕುಸಿಯುತ್ತಲೇ ಇತ್ತು.

ಮಗಳ ವ್ಯಾಪಾರಿ ಚಹಾ ತರಿಸಿದರು. ಅಮೆರಿಕದ ಗಿರಾಕಿ ಕೈಬಿಟ್ಟಿದ್ದರಿಂದ ಇಲ್ಲಿನ ಮದುವೆ ಸೀಸನ್ನನ್ನೇ ನಂಬಿ ಈ ಕೆಟಲಾಗು ಮಾಡಿಸುತ್ತಿದ್ದಾರಂತೆ. ನಾನು ಪ್ರೊಸೆಸರಿನ ಭಾವಪುರಾಣ ಬಿಚ್ಚಿದೆ. ಅವರು ಕೇಳಿ, ಮಗಳತ್ತ ತಿರುಗಿ, 'ಹೊಸ ಯಂತ್ರವಿದ್ದರೆ ವಾರಕ್ಕೆ ಎಷ್ಟು ಪೀಸ್ ಆಗುತ್ತದೆ? ಈಗ ಎಷ್ಟು?' ಎಂದರು. ಹದಿನೈದು, ಮೂರು ಎಂದಳು. ಕ್ಯಾಲ್ಕುಲೇಟರ್ ಒತ್ತಿ ನನ್ನತ್ತ ಸರಿಸಿದರು. ಒಂದು ವಾರ ತಡಮಾಡಿದರೆ ಅವಳು ಕಳೆದುಕೊಳ್ಳುವ ಮೊತ್ತ, ನಾನು ಮೂರು ಊರು ಸುತ್ತಿ ಉಳಿಸಬಹುದಾದ ಹಣದ ನಾಲ್ಕು ಪಟ್ಟಿತ್ತು. 'ನಾನು ಎರಡು ವರ್ಷದಿಂದ ಒಂದು ಪೊಟ್ಟಣ ಹಿಡಿದು ಕೂತಿದ್ದೇನೆ, ಭಾವ ಬರಲಿ ಅಂತ' ಎಂದು ಜೇಬು ತಟ್ಟಿಕೊಂಡು ನಕ್ಕರು. ಆ ನಗು ನನಗೆ ಗುರುತಿನದೇ.

ಅದೇ ಸಂಜೆ ಸೂರತ್ತಿನಲ್ಲೇ ಅತಿ ಕಡಿಮೆ ಬೆಲೆ ಸಿಕ್ಕಿತು. ಶ್ರಾದ್ಧದ ಹದಿನೈದು ದಿನ ಹೊಸ ವಸ್ತು ಕೊಳ್ಳುವವರಿಲ್ಲದೆ ಅಂಗಡಿಗಳು ನೊಣ ಹೊಡೆಯುತ್ತಿದ್ದವು, ಬೆಲೆ ತಾನಾಗಿ ಬಿದ್ದಿತ್ತು. ಕೊಳ್ಳಬಹುದಿತ್ತು. 'ಪಿತೃಪಕ್ಷದಲ್ಲಿ ಬೇಡ' ಎಂದೆ. ನಾನೇನು ಅಂಥ ನಂಬಿಕೆಯವನಲ್ಲ. ಕಾಯುವವನಿಗೆ ನೆಪ ಬೇಕಷ್ಟೆ. 'ತಾಳಿದವನು ಬಾಳಿಯಾನು' ಎಂದು ಗಾದೆಯನ್ನೂ ಹೇಳಿದೆ. 'ಗಾಳಿ ಬಂದಾಗ ತೂರಿಕೋ ಅಂತಲೂ ಇದೆಯಲ್ಲಪ್ಪಾ' ಎಂದಳು. ಇವಳಿಗೆ ಕನ್ನಡ ಕಲಿಸಿದ್ದು ನಾವೇ.

ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ. ಮಧ್ಯಾಹ್ನ ಫೋನು: 'ಅಪ್ಪಾ, ತಗೊಂಡೆ.' ವಡೋದರೆಯ ಆ ಒಂದೇ ಬೆಲೆಯ ಅಂಗಡಿಯಲ್ಲಿ, ಡಬ್ಬಿಯದು, ಬಿಲ್ಲಿನ ಸಮೇತ, ಸೂರತ್ತಿಗಿಂತ ಏಳುನೂರು ಹೆಚ್ಚು ಕೊಟ್ಟು. ನಾನು ಮಾತಾಡಲಿಲ್ಲ. ಆದರೆ ಅವಳು ಮೆಮೊರಿಯ ವಿಷಯ ಕೇಳಿದಳು: 16 ಜಿಬಿಯ ಎರಡು ಪಟ್ಟಿ ಹಾಕಿಸಬೇಕು, ಒಂದಕ್ಕೆ ನಾಲ್ಕೂಮುಕ್ಕಾಲು ಸಾವಿರ, ಹಣ ಸ್ವಲ್ಪ ಕಡಿಮೆಬಿತ್ತು. ನನಗೆ ತಡೆಯಲಾಗಲಿಲ್ಲ. 'ಈಗ ಒಂದು ಹಾಕಿಸು. ಇನ್ನೊಂದು ದೀಪಾವಳಿ ಕಳೆದ ಮೇಲೆ ಇಳಿದಾಗ ತೆಗೆದುಕೊಂಡರಾಯಿತು.'

ಆಯುಧಪೂಜೆಗೆ ಯಂತ್ರ ಅಹಮದಾಬಾದಿನ ಮನೆಗೆ ಬಂತು. ಅವಳಮ್ಮ ಅದಕ್ಕೆ ಕುಂಕುಮ ಹಚ್ಚಿ, ಒಂದು ಸೇವಂತಿಗೆ ಇಟ್ಟಳು. ಕೆಟಲಾಗು ದೀಪಾವಳಿಗೆ ಮುಂಚೆಯೇ ಮುಗಿಯಿತು. ಹಬ್ಬವಾಗಿ, ಬೆಸ್ತು ವರಸ್ ಆಗಿ, ಬೀಗ ಹಾಕಿದ ಅಂಗಡಿಗಳು ಲಾಭ ಪಾಂಚಮಿಗೆ ತೆರೆದವು. ನಾನು ರಿಲೀಫ್ ರೋಡಿಗೆ ಹೋದೆ. ಮೆಮೊರಿ ಇಳಿದಿರಲಿಲ್ಲ, ಏರತೊಡಗಿತ್ತು. ಕೃತಕ ಬುದ್ಧಿಮತ್ತೆಯ ಗಣಕಕೇಂದ್ರಗಳಿಗಾಗಿ ತಯಾರಕರು ತಮ್ಮ ಮಾಲನ್ನೆಲ್ಲ ಅತ್ತ ತಿರುಗಿಸಿದ್ದರು. ನವೆಂಬರ್ ನಡುವಿಗೆ ಅದೇ ಪಟ್ಟಿ ಒಂಬತ್ತು ಸಾವಿರ ದಾಟಿತು. 1999ರ ತೈವಾನ್ ಭೂಕಂಪಕ್ಕೆ ಮೆಮೊರಿ ಹೀಗೇ ಹಾರಿದ್ದನ್ನೂ, 2011ರ ಥಾಯ್ಲೆಂಡ್ ಪ್ರವಾಹಕ್ಕೆ ಹಾರ್ಡ್ ಡಿಸ್ಕ್ ಹಾರಿದ್ದನ್ನೂ ಕಣ್ಣಾರೆ ಕಂಡವನು ನಾನು. ಡಿಸೆಂಬರಿನಲ್ಲಿ ಡಾಲರು 90 ರೂಪಾಯಿ ದಾಟಿತು. ನಮ್ಮೂರ ಪಕ್ಕದ ಸಾನಂದದಲ್ಲಿ ಮೆಮೊರಿ ಜೋಡಿಸುವ ಕಾರ್ಖಾನೆಗೆ 2023ರಲ್ಲಿ ಅಡಿಗಲ್ಲು ಹಾಕಿದ ಮೈಕ್ರಾನ್ ಕಂಪನಿಯೇ, ಕ್ರುಷಲ್ ಹೆಸರಿನ ತನ್ನ ಚಿಲ್ಲರೆ ವ್ಯಾಪಾರವನ್ನು ಮುಚ್ಚುವುದಾಗಿ ಅದೇ ತಿಂಗಳು ಸಾರಿತು. ಅಂದಹಾಗೆ, ನಮ್ಮ ಮೈಸೂರಿನ ಕೇನ್ಸ್ ಕಂಪನಿಯ ಚಿಪ್ ಘಟಕಕ್ಕೂ ಅದೇ ಸಾನಂದದಲ್ಲಿ 2024ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತ್ತು. ಕನ್ನಡಿಗರು ಇಲ್ಲಿಗೂ ಬಂದರು ಎಂದು ಖುಷಿಪಡುವಷ್ಟರಲ್ಲಿ ಅಂಗಡಿಯವನು ಹೊಸ ಭಾವ ಹೇಳಿದ.

ಉತ್ತರಾಯಣದ ದಿನ ತಾರಸಿಯ ಮೇಲೆ ಎಲ್ಲರೂ ಗಾಳಿಪಟ ನೋಡುತ್ತಿದ್ದಾಗ ಮಗಳು ಮೊಬೈಲಿನಲ್ಲಿ ಮೆಮೊರಿಯ ಬೆಲೆ ತೋರಿಸಿದಳು. ಅದೂ ಮೇಲೇ ಇತ್ತು. ಸೂರತ್ತಿನಿಂದ ಎರಡನೆಯ ಕೆಟಲಾಗು ಬಂದಿದೆ, ದೊಡ್ಡ ಹಾರಗಳಾದ್ದರಿಂದ ಒಂದೇ ಪಟ್ಟಿಯಲ್ಲಿ ಯಂತ್ರ ಏದುಸಿರು ಬಿಡುತ್ತದಂತೆ. ಇನ್ನೊಂದು ಖಾನೆ ಖಾಲಿ ಇದೆ. ಅದರ ಭಾವ ಕೇಳುವ ಕೆಲಸವನ್ನು ಈಗ ಅವಳಮ್ಮನಿಗೆ ವಹಿಸಿದ್ದಾರೆ. ಮೊನ್ನೆ ಆಕೆ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಏನೋ ಬರೆಯುತ್ತ ಕೂತಿದ್ದಳು. ನಾನು ಹತ್ತಿರ ಹೋಗಿ ಇಣುಕಲಿಲ್ಲ.