ಸಾವಿರ ಬೆಟ್ಟಗಳ ಊರಿನಲ್ಲಿ ಸೈಕಲ್ ಓಟ

ಕಿಗಾಲಿಯಲ್ಲಿ ಮಟ್ಟಸವಾದ ರಸ್ತೆ ಹುಡುಕುವುದು ಕಷ್ಟ. ಪೂರ್ವ ಆಫ್ರಿಕದ ಪುಟ್ಟ ದೇಶ ರುವಾಂಡಾದ ಈ ರಾಜಧಾನಿ ಹರಡಿಕೊಂಡಿರುವುದೇ ಬೆಟ್ಟಗಳ ನೆತ್ತಿ ಮತ್ತು ಇಳಿಜಾರುಗಳ ಮೇಲೆ. ಎದುರಿಗೇ ಕಾಣುವ ಬಡಾವಣೆಗೆ ಹೋಗಬೇಕೆಂದರೂ ಕಣಿವೆಗೆ ಇಳಿದು ಮತ್ತೆ ಏರಬೇಕು. ಸಮಭಾಜಕ ವೃತ್ತ ಹತ್ತಿರದಲ್ಲೇ ಇದ್ದರೂ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿರುವುದರಿಂದ ಹವೆ ಹಿತಕರ. ಆದರೆ ಏರು ಹತ್ತುವಾಗ ಎದೆ ಬೇಗ ಏದುಸಿರು ಬಿಡುತ್ತದೆ.

ಇಂಥ ಊರಿನಲ್ಲಿ ಸೈಕಲ್ ಎಂದರೆ ಮೊದಲಿಗೆ ದುಡಿಮೆ. ಹಳ್ಳಿಗಾಡಿನಲ್ಲಿ ಬಾಳೆಗೊನೆ, ಆಲೂಗೆಡ್ಡೆ ಮೂಟೆ, ಹಾಲಿನ ಕ್ಯಾನು ಎಲ್ಲವೂ ಸಾಗುವುದು ಸೈಕಲ್ಲಿನ ಮೇಲೆ. ಹಿಂದೆ ಮೆತ್ತೆ ಕಟ್ಟಿ ಜನರನ್ನು ಕೂರಿಸಿಕೊಂಡು ಹೋಗುವವರೂ ಉಂಟು. ಮರದಲ್ಲೇ ಮಾಡಿದ, ಪೆಡಲ್ ಇಲ್ಲದ ಗಾಡಿಗೆ ಹೊರೆ ಹೇರಿಕೊಂಡು ಇಳಿಜಾರಿನಲ್ಲಿ ಜಾರಿಬರುವುದು ಹಳೆಯ ರೂಢಿ. ಏರು ಬಂದಾಗ ಇಳಿದು ತಳ್ಳಬೇಕು, ಅಷ್ಟೇ!

ಈ ದೇಶದ ಹೆಸರು ಹೊರಜಗತ್ತಿಗೆ ಹೆಚ್ಚು ಪರಿಚಿತವಾದದ್ದು ಮಾತ್ರ 1994ರ ನರಮೇಧದಿಂದ. ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನ ಹತರಾದರು. ಆ ಹತ್ಯಾಕಾಂಡದಲ್ಲಿ ಸೋದರರನ್ನು ಕಳೆದುಕೊಂಡು ತಾನು ಬದುಕುಳಿದ ಬಾಲಕ ಆಡ್ರಿಯನ್ ನಿಯೋನ್ಶುಟಿ ಮುಂದೆ ಸೈಕಲ್ ಪಟುವಾದ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ರುವಾಂಡಾದ ಧ್ವಜ ಹಿಡಿದು ನಡೆದವನು ಆತನೇ.

ಆ ದೇಶಕ್ಕೇ 2025ರ ಸೆಪ್ಟೆಂಬರಿನಲ್ಲಿ ವಿಶ್ವ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್ ಬಂತು. 1921ರಲ್ಲಿ ಕೋಪನ್‌ಹೇಗನ್ನಿನಲ್ಲಿ ಶುರುವಾದ ಈ ಕೂಟ ಆಫ್ರಿಕದ ನೆಲ ಮೆಟ್ಟಿದ್ದು ಇದೇ ಮೊದಲು. 21ರಿಂದ 28ರವರೆಗೆ ರಸ್ತೆಗಳು ಸ್ಪರ್ಧಿಗಳ ಪಾಲಾದವು, ಕಿಗಾಲಿಯ ಶಾಲೆಗಳಿಗೆ ರಜೆ ಸಿಕ್ಕಿತು. ರಜೆ ಸಿಕ್ಕ ಮಕ್ಕಳು ಮನೆಯಲ್ಲಿ ಕೂತಾರೆಯೇ? ನೆರೆಯ ಕಾಂಗೋದ ಸಂಘರ್ಷದಲ್ಲಿ ರುವಾಂಡಾದ ಪಾತ್ರದ ಬಗ್ಗೆ ಆಕ್ಷೇಪವಿದ್ದು, ಕೂಟವನ್ನು ಬೇರೆಡೆಗೆ ಸ್ಥಳಾಂತರಿಸಬೇಕೆಂಬ ಒತ್ತಾಯವೂ ಕೇಳಿಬಂದಿತ್ತು. ಅದು ಬಗೆಹರಿದ ವಿವಾದವಲ್ಲ. ರಸ್ತೆಬದಿಯಲ್ಲಿ ಸೇರಿದ ಜನರಿಗಂತೂ ಲೆಕ್ಕವಿರಲಿಲ್ಲ.

ಇಲ್ಲಿ ಸ್ಪರ್ಧಿಗಳನ್ನು ವಯಸ್ಸಿನ ಮೇಲೆ ವಿಂಗಡಿಸುತ್ತಾರೆ. 17 ಮತ್ತು 18ರವರು ಕಿರಿಯರು, 19ರಿಂದ 22ರವರೆಗಿನವರು 23ರೊಳಗಿನವರು, ಆಮೇಲೆ ಹಿರಿಯರು. ಈ ನಡುವಿನ ಗುಂಪಿನ ಯುವತಿಯರಿಗೆ ಅವರದೇ ಪ್ರತ್ಯೇಕ ಓಟ ಸಿಕ್ಕಿದ್ದು ಕಿಗಾಲಿಯಲ್ಲೇ ಮೊದಲು. ಅಲ್ಲಿಯವರೆಗೆ ಅವರು ಹಿರಿಯರ ಜೊತೆಯಲ್ಲೇ ಓಡಿ, ಲೆಕ್ಕ ಮಾತ್ರ ಬೇರೆ ಇಡಲಾಗುತ್ತಿತ್ತು. ದೂರವೂ ವಯಸ್ಸಿಗೆ ತಕ್ಕಂತೆ: ಕಿರಿಯ ಹುಡುಗಿಯರಿಗೆ 74 ಕಿ.ಮೀ., ಹುಡುಗರಿಗೆ 119.3, ಹಿರಿಯ ಮಹಿಳೆಯರಿಗೆ 164.6, ಹಿರಿಯ ಪುರುಷರಿಗೆ 267.5.

ದೂರದಲ್ಲಿ ರಿಯಾಯಿತಿ ಉಂಟು, ಏರಿನಲ್ಲಿ ಇಲ್ಲ. ಕಿಮಿಹುರುರಾ ಎಂಬ ಬಡಾವಣೆಯ ಕಲ್ಲುಹಾಸಿನ ಏರನ್ನು ಹದಿನೇಳರ ಹುಡುಗಿಯೂ ಹತ್ತಬೇಕು, ವಿಶ್ವವಿಜೇತನೂ ಹತ್ತಬೇಕು. ಉದ್ದ 1.3 ಕಿ.ಮೀ., ನೂರು ಮೀಟರ್ ಸಾಗುವಷ್ಟರಲ್ಲಿ ಆರು ಮೀಟರಿಗೂ ಹೆಚ್ಚು ಮೇಲೆ. ಕಲ್ಲಿನ ಮೇಲೆ ಗಾಲಿ ಕುಪ್ಪಳಿಸುತ್ತದೆ. ಎದ್ದು ನಿಂತು ತುಳಿದರೆ ಹಿಂದಿನ ಗಾಲಿ ಹಿಡಿತ ತಪ್ಪುತ್ತದೆ, ಕೂತು ತುಳಿದರೆ ತೊಡೆ ಉರಿಯುತ್ತದೆ. ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ ಟೈಮ್ ಟ್ರಯಲ್‌ನಲ್ಲಿ ಸ್ಲೊವೇನಿಯಾದ ತಾದೇಯ್ ಪೊಗಾಚಾರ್‌ನನ್ನು, ಅವನಿಗಿಂತ ತಡವಾಗಿ ಹೊರಟಿದ್ದ ಬೆಲ್ಜಿಯಂನ ರೆಮ್ಕೊ ಎವೆನೆಪುಲ್ ಹಿಂದೆ ಹಾಕಿದ್ದು ಈ ಕಲ್ಲುಗಳ ಮೇಲೆಯೇ.

ಕಿರಿಯರ ಗೆಲುವು ಪತ್ರಿಕೆಗಳಲ್ಲಿ ಮೂಲೆ ಸೇರುವುದೇ ಹೆಚ್ಚು. ಇಟಲಿಯ ಲೊರೆಂಜೊ ಫಿನ್ 2024ರಲ್ಲಿ ಜ್ಯೂರಿಕ್‌ನಲ್ಲಿ ಕಿರಿಯರ ಪ್ರಶಸ್ತಿ ಗೆದ್ದ. ಮರುವರ್ಷ ಕಿಗಾಲಿಯಲ್ಲಿ ಮೇಲಿನ ತರಗತಿಗೆ ಏರಿ, ತನಗಿಂತ ಮೂರು ನಾಲ್ಕು ವರ್ಷ ದೊಡ್ಡವರನ್ನೂ ಹಿಂದಿಕ್ಕಿದ. ಆಗಿನ್ನೂ ಅವನಿಗೆ 18.

ಅದೇ ಜ್ಯೂರಿಕ್‌ನಲ್ಲಿ, ಮಳೆಯಲ್ಲಿ ನಡೆದ ಕಿರಿಯ ಹುಡುಗಿಯರ ಓಟದಲ್ಲಿ 18ರ ಸ್ವಿಸ್ ಸ್ಪರ್ಧಿ ಮ್ಯೂರಿಯಲ್ ಫರರ್ ಬಿದ್ದಳು. ಬಿದ್ದದ್ದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು, ಮರುದಿನ ತೀರಿಕೊಂಡಳು. ಮಕ್ಕಳನ್ನು ಕ್ರೀಡೆಗೆ ಕಳಿಸುವ ಯಾವ ತಾಯಿತಂದೆಯರೂ ಮರೆಯಲಾಗದ ಸುದ್ದಿ ಅದು. ಕಿಗಾಲಿಯಲ್ಲಿ ಸೈಕಲ್ಲುಗಳಿಗೆ, ಸವಾರ ಎಲ್ಲಿದ್ದಾನೆಂದು ಉಪಗ್ರಹದ ಮೂಲಕ ತಿಳಿಸುವ ಪುಟ್ಟ ಸಾಧನ ಅಳವಡಿಸಿದ್ದರು. ಇಷ್ಟು ಸಣ್ಣ ಏರ್ಪಾಟಿಗೆ ಒಂದು ಜೀವ ಹೋಗುವವರೆಗೆ ಕಾಯಬೇಕಿತ್ತೇ ಎಂದು ಕೇಳುವವರಿಗೆ ಉತ್ತರ ಕೊಡುವುದು ಸುಲಭವಲ್ಲ.

ಹಿರಿಯ ಮಹಿಳೆಯರಲ್ಲಿ, ಯಾರೂ ಎಣಿಸಿರದಿದ್ದ ಕೆನಡಾದ ಮಗ್ದಲೀನ್ ವಾಲಿಯೆರ್ ಗೆದ್ದಳು. ಕೊನೆಯ ದಿನ ಪೊಗಾಚಾರ್ ನೂರು ಕಿಲೋಮೀಟರಿಗೂ ಹೆಚ್ಚು ದೂರ ಬಾಕಿ ಇರುವಾಗಲೇ ಕಿಗಾಲಿ ಬೆಟ್ಟದಲ್ಲಿ ಗುಂಪನ್ನು ಬಿಟ್ಟು ಮುನ್ನುಗ್ಗಿ, ಉಳಿದ ಹಾದಿಯ ಬಹುಪಾಲನ್ನು ಒಬ್ಬನೇ ಸವೆಸಿ ಪ್ರಶಸ್ತಿ ಉಳಿಸಿಕೊಂಡ. ಅಂದು ಏರಿದ ಎತ್ತರಗಳನ್ನೆಲ್ಲ ಕೂಡಿಸಿದರೆ ಐದು ಸಾವಿರ ಮೀಟರಿಗೂ ಹೆಚ್ಚು. ಹೊರಟವರು ನೂರೈವತ್ತಕ್ಕೂ ಮಿಕ್ಕಿ. ಗುರಿ ಮುಟ್ಟಿದವರು 30 ಮಂದಿ.

ಕಿಗಾಲಿಗೆ ಹೋದವರು ಕಲ್ಲುಹಾಸಿನ ಆ ಏರನ್ನು ನಡೆದೇ ಹತ್ತಬಹುದು. ಮೇಲೆ, ಹಳೆಯ ಅರಮನೆಯ ಹುಲ್ಲುಸೂರಿನ ಆಕಾರವನ್ನು ನೆನಪಿಸುವ ಗುಮ್ಮಟದ ಕನ್ವೆನ್ಷನ್ ಸೆಂಟರ್ ಇದೆ. ಸ್ಪರ್ಧಿಗಳ ಗುರಿ ಇದ್ದದ್ದು ಅಲ್ಲೇ.